ನೀವು ಕೇಳಿದ್ದು: ನೋವು ಎಲ್ಲರಿಗೂ ಒಂದೇನಾ?

ಈ ಸಲ ಬಂದ ಪತ್ರಗಳಲ್ಲಿ ಐದನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಬೇರೆ ಬೇರೆ ಊರಿಂದ ಬಂದಿವೆ, ಕೇಳಿರೋದು ಮಾತ್ರ ಹೆಚ್ಚುಕಡಿಮೆ ಒಂದೇ ವಿಷಯ. ವಯಸ್ಸಾದವರ ನೋವು. ಮೊದಲನೇ ಪತ್ರಕ್ಕೆ ಉತ್ತರ ತುಂಬಾ ಉದ್ದ ಆಗಿದೆ, ಬೇಸರ ಮಾಡಿಕೊಳ್ಳಬೇಡಿ. ಆ ಪತ್ರ ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಪ್ರಶ್ನೆ: ಡಾಕ್ಟ್ರೇ, ನಾನು ಉಡುಪಿ ಕಡೆಯವಳು. ಅಮೆರಿಕದ ಅಲಬಾಮಾದಲ್ಲಿ ಒಂದು ವೃದ್ಧಾಶ್ರಮದಲ್ಲಿ ನರ್ಸ್ ಆಗಿದ್ದೇನೆ. ಇಲ್ಲಿರುವ ಹಿರಿಯರಲ್ಲಿ ಸುಮಾರು ಅರ್ಧ ಜನ ಕಪ್ಪು ವರ್ಣೀಯರು. ಜೊತೆಗೆ ಕೆಲಸ ಮಾಡುವ ಒಬ್ಬರು ‘ಅವರ ಚರ್ಮ ದಪ್ಪ, ನೋವು ಅಷ್ಟು ಗೊತ್ತಾಗಲ್ಲ’ ಅಂದರು. ಟ್ರೈನಿಂಗ್‌ನಲ್ಲಿ ಹೇಳಿದ್ದು ಅದರ ಉಲ್ಟಾ: ಸಂಶೋಧನೆಯಲ್ಲಿ ಅವರಿಗೆ ನೋವು ಜಾಸ್ತಿ ಅಂತ ಕಂಡಿದೆಯಂತೆ. ಯಾವುದನ್ನು ನಂಬಲಿ? ವಯಸ್ಸಾದ ಮೇಲೂ ಈ ವ್ಯತ್ಯಾಸ ಇರುತ್ತದಾ?

ಉತ್ತರ: ಚರ್ಮ ದಪ್ಪ ಅನ್ನೋದು ಸುಳ್ಳು. ಅದರಲ್ಲಿ ಎರಡು ಮಾತಿಲ್ಲ. ಆ ಸುಳ್ಳು ಎಲ್ಲಿಂದ ಬಂತು ಅಂತ ಗೊತ್ತಿದ್ದರೆ ಮುಂದಿನ ಸಲ ಯಾರಾದರೂ ಹೇಳಿದಾಗ ನಿಮಗೆ ಎದುರು ಮಾತಾಡಲು ಧೈರ್ಯ ಬರುತ್ತದೆ, ಅದಕ್ಕೇ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ.

ನೀವಿರುವ ಅಲಬಾಮಾದಲ್ಲೇ, ಮಾಂಟ್ಗಮರಿ ಊರಿನಲ್ಲಿ, 1845ರಿಂದ 1849ರವರೆಗೆ ಜೆ. ಮೇರಿಯನ್ ಸಿಮ್ಸ್ ಎಂಬ ವೈದ್ಯ ಗುಲಾಮ ಹೆಂಗಸರ ಮೇಲೆ ಒಂದು ಹೊಸ ಶಸ್ತ್ರಚಿಕಿತ್ಸೆ ಮಾಡಿ ಮಾಡಿ ಕಲಿತ. ಕಷ್ಟದ ಹೆರಿಗೆಯಲ್ಲಿ ಒಳಗೆ ಹರಿದು, ಮೂತ್ರ ನಿಲ್ಲದೆ ಸೋರುತ್ತಿದ್ದ ಹೆಂಗಸರು ಅವರು. ಮೂವರ ಹೆಸರು ಮಾತ್ರ ಉಳಿದಿದೆ: ಅನಾರ್ಕಾ, ಬೆಟ್ಸಿ, ಲೂಸಿ. ಅನಾರ್ಕಾಗೆ ಸುಮಾರು 30 ಸಲ ಆಪರೇಷನ್ ಆಯಿತು. ಅರಿವಳಿಕೆ ಕೊಡಲಿಲ್ಲ. 1846ರಲ್ಲೇ ಬಾಸ್ಟನ್‌ನಲ್ಲಿ ಈಥರ್ ಕೊಟ್ಟು ಆಪರೇಷನ್ ಮಾಡಿ ತೋರಿಸಿದ್ದರು, ಆಮೇಲೂ ಕೊಡಲಿಲ್ಲ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿದ್ದ ಅವನ ಪ್ರತಿಮೆಯನ್ನು ತೆಗೆದದ್ದು 2018ರಲ್ಲಿ. 1851ರಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ಇನ್ನೊಬ್ಬ ವೈದ್ಯ, ಗುಲಾಮರ ಚರ್ಮಕ್ಕೆ ಅರಿವೇ ಕಡಿಮೆ ಇರುವ ಒಂದು ರೋಗ ಇದೆ ಅಂತ ಹೆಸರಿಟ್ಟು ಬರೆದ. ಇದರಿಂದ ಯಾರಿಗೆ ಅನುಕೂಲ ಆಯಿತು ನೋಡಿ. ಹೊಡೆಯುವವನಿಗೆ, ದುಡಿಸಿಕೊಳ್ಳುವವನಿಗೆ, ಕತ್ತರಿ ಹಿಡಿದವನಿಗೆ.

ಇದೆಲ್ಲ ಹಳೇ ಕಾಲದ್ದು ಅಂತ ಬಿಡುವ ಹಾಗಿಲ್ಲ. 2016ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ 222 ಮಂದಿ ಬಿಳಿಯ ವೈದ್ಯಕೀಯ ವಿದ್ಯಾರ್ಥಿಗಳು ಮತ್ತು ಕಿರಿಯ ವೈದ್ಯರನ್ನು ಕೇಳಿದಾಗ, ಸುಮಾರು ಅರ್ಧದಷ್ಟು ಜನ ಇಂಥ ಸುಳ್ಳುಗಳಲ್ಲಿ ಒಂದನ್ನಾದರೂ ನಿಜ ಅಂದುಕೊಂಡಿದ್ದರು. ಚರ್ಮ ದಪ್ಪ ಅನ್ನೋದೂ ಆ ಪಟ್ಟಿಯಲ್ಲಿತ್ತು. ಹಾಗೆ ನಂಬಿದವರು ಕಪ್ಪು ರೋಗಿಯ ನೋವಿಗೆ ಕಡಿಮೆ ಅಂಕ ಕೊಟ್ಟರು, ಚಿಕಿತ್ಸೆಯ ಸಲಹೆಯಲ್ಲೂ ತಪ್ಪಿದರು. ನಿಮ್ಮ ಜೊತೆ ಕೆಲಸ ಮಾಡುವವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಓದಿದವರೇ ಹೀಗಿದ್ದಾರೆ ಅಂತ ಹೇಳುತ್ತಿದ್ದೇನೆ.

ಇದು ಬರೀ ತಲೆಯಲ್ಲಿ ಉಳಿಯುವ ನಂಬಿಕೆಯೂ ಅಲ್ಲ. ಅಟ್ಲಾಂಟಾದ ಒಂದು ತುರ್ತು ಚಿಕಿತ್ಸಾ ವಿಭಾಗಕ್ಕೆ ಕೈ ಅಥವಾ ಕಾಲಿನ ಮೂಳೆ ಮುರಿದುಕೊಂಡು ಬಂದವರ ದಾಖಲೆ ತೆಗೆದು ನೋಡಿದಾಗ, ಬಿಳಿಯರಲ್ಲಿ 74 ಶೇಕಡಾ ಜನರಿಗೆ ನೋವಿನ ಔಷಧ ಸಿಕ್ಕಿತ್ತು, ಕಪ್ಪು ವರ್ಣೀಯರಲ್ಲಿ 57 ಶೇಕಡಾ. ಆ ವರದಿ ಬಂದದ್ದು 2000ದಲ್ಲಿ. ಮೂಳೆ ಮುರಿದಿರೋದು ಎಕ್ಸ್‌ರೇಯಲ್ಲಿ ಕಾಣುತ್ತದೆ, ಅಲ್ವಾ? ನೋವು ಅಂತ ಇಬ್ಬರೂ ಹೇಳಿದ್ದರು, ದಾಖಲೆಯಲ್ಲೂ ಬರೆದಿತ್ತು. ಆದರೂ ಹೀಗೆ.

ಈಗ ಟ್ರೈನಿಂಗ್‌ನಲ್ಲಿ ಹೇಳಿದ ಮಾತಿಗೆ ಬರೋಣ. ಅದು ಸರಿ. ಫ್ಲೋರಿಡಾ ವಿಶ್ವವಿದ್ಯಾಲಯ ಮತ್ತು ನಿಮ್ಮ ಬರ್ಮಿಂಗ್‌ಹ್ಯಾಮಿನ ಅಲಬಾಮಾ ವಿಶ್ವವಿದ್ಯಾಲಯ ಸೇರಿ ಮಂಡಿ ಸವೆತ ಇರುವ, 45 ದಾಟಿದ ಜನರನ್ನು ಪರೀಕ್ಷೆ ಮಾಡಿವೆ. ರೋಜರ್ ಫಿಲ್ಲಿಂಗಿಮ್ ಅವರ ತಂಡ. ಪರೀಕ್ಷೆ ಸರಳ. ಮುಂಗೈಗೋ ಮಂಡಿಗೋ ಒಂದು ಪುಟ್ಟ ಬಿಲ್ಲೆ ಇಟ್ಟು ನಿಧಾನಕ್ಕೆ ಬಿಸಿ ಏರಿಸುತ್ತಾರೆ, ಇಲ್ಲವೇ ರಬ್ಬರ್ ತುದಿಯ ಒಂದು ಉಪಕರಣದಿಂದ ಒತ್ತುತ್ತಾರೆ, ಇಲ್ಲವೇ ಕೈಯನ್ನು ತಣ್ಣೀರಿನಲ್ಲಿ ಮುಳುಗಿಸಲು ಹೇಳುತ್ತಾರೆ. ಎರಡು ಹಂತ ಬರೆದುಕೊಳ್ಳುತ್ತಾರೆ: ‘ಈಗ ನೋವು ಶುರುವಾಯಿತು’ ಅನ್ನೋದು ಒಂದು, ‘ಸಾಕು, ತೆಗೀರಿ’ ಅನ್ನೋದು ಇನ್ನೊಂದು. ಆಫ್ರಿಕನ್ ಅಮೆರಿಕನ್ನರು ‘ಸಾಕು’ ಅನ್ನೋದು ಬಿಳಿಯರಿಗಿಂತ ಬೇಗ. ಒಂದೇ ಬಿಸಿಯನ್ನು ಮತ್ತೆ ಮತ್ತೆ ತಾಗಿಸಿದರೆ ನೋವು ಏರುತ್ತಾ ಹೋಗೋದೂ ಅವರಲ್ಲಿ ಜಾಸ್ತಿ. ನಡುವಯಸ್ಸಿನವರಲ್ಲೂ ಇದು ಕಂಡಿದೆ, ಹಿರಿಯರಲ್ಲೂ ಕಂಡಿದೆ. ಅಂದರೆ ನಿಮ್ಮ ಜೊತೆಯವರು ಹೇಳಿದ್ದಕ್ಕೆ ಪೂರ್ತಿ ವಿರುದ್ಧ.

ಆದರೆ ಇಲ್ಲೇ ಇನ್ನೊಂದು ತಪ್ಪು ದಾರಿ ಇದೆ, ಎಚ್ಚರ. ‘ಹಾಗಾದರೆ ಅವರು ಹುಟ್ಟಿನಿಂದಲೇ ಹಾಗೆ’ ಅಂದುಕೊಂಡರೆ ಹಳೇ ಸುಳ್ಳನ್ನೇ ತಿರುಗಿಸಿ ಹಾಕಿಕೊಂಡ ಹಾಗೆ. ಅದೇ ಸಂಶೋಧಕರ ಗುಂಪು 2013ರಲ್ಲಿ ಇನ್ನೊಂದು ವಿಷಯ ಹೇಳಿತು. ಮಂಡಿ ನೋವಿನ ಆಫ್ರಿಕನ್ ಅಮೆರಿಕನ್ನರಲ್ಲಿ, ಜೀವನದಲ್ಲಿ ಬಣ್ಣದ ಕಾರಣಕ್ಕೆ ತಾರತಮ್ಯ ಜಾಸ್ತಿ ಅನುಭವಿಸಿದ್ದೇವೆ ಅಂದವರು ಬಿಸಿಯನ್ನು ತಡೆದುಕೊಳ್ಳೋದು ಕಡಿಮೆ ಇತ್ತು. 2020ರಲ್ಲಿ ಎಲಿಜಬೆತ್ ಲೋಸಿನ್ ಮತ್ತು ಜೊತೆಯವರು ಮಿದುಳಿನ ಸ್ಕ್ಯಾನ್ ಮಾಡುತ್ತಲೇ ಬಿಸಿ ತಾಗಿಸಿ ನೋಡಿದರು. ಗಾಯದ ನೋವಿಗೆಂದೇ ಮಿದುಳಿನಲ್ಲಿ ಮೂಡುವ ಗುರುತು ಎಲ್ಲ ಗುಂಪುಗಳಲ್ಲೂ ಒಂದೇ ಥರ ಇತ್ತು. ವ್ಯತ್ಯಾಸ ಕಂಡದ್ದು ಬೇರೆ ಭಾಗಗಳಲ್ಲಿ, ಅದೂ ಹಿಂದೆ ಅನುಭವಿಸಿದ ತಾರತಮ್ಯದ ಜೊತೆ, ಪರೀಕ್ಷೆ ಮಾಡುವವರ ಮೇಲಿನ ನಂಬಿಕೆಯ ಜೊತೆ ತಳುಕು ಹಾಕಿಕೊಂಡಿತ್ತು. ಅರವತ್ತು ಎಪ್ಪತ್ತು ವರ್ಷ ‘ನೀನು ಸುಳ್ಳು ಹೇಳ್ತಿದ್ದೀಯ’ ಅನ್ನುವ ಕಣ್ಣುಗಳ ಎದುರು ಬದುಕಿದವರ ಮೈ ಅದು. ಸದಾ ಕಾವಲು ಕಾಯುವ ಮೈಗೆ ನೋವು ಬೇಗ ಏರಿದರೆ ಆಶ್ಚರ್ಯ ಏನಿದೆ?

ಇನ್ನೊಂದು ವಿಷಯ ಹೇಳಲೇಬೇಕು, ನನಗೆ ಇದು ಎಲ್ಲಕ್ಕಿಂತ ದೊಡ್ಡದು ಅನಿಸುತ್ತದೆ. ಮಂಡಿ ಎಕ್ಸ್‌ರೇ ನೋಡಿ ಸವೆತ ಎಷ್ಟು ಅಂತ ಅಂಕ ಹಾಕುವ ಒಂದು ಪದ್ಧತಿ ಇದೆ. 1957ರದ್ದು, ಇಂಗ್ಲೆಂಡಿನಲ್ಲಿ ಅಲ್ಲಿನ ಜನರನ್ನೇ ನೋಡಿ ಮಾಡಿದ್ದು. ಬಹಳ ವರ್ಷಗಳಿಂದ ಅಮೆರಿಕದ ವೈದ್ಯರಿಗೆ ಒಂದು ಒಗಟು: ಎಕ್ಸ್‌ರೇಯಲ್ಲಿ ಅಂಕ ಒಂದೇ ಇದ್ದರೂ ಕಪ್ಪು ರೋಗಿಗಳು ನೋವು ಜಾಸ್ತಿ ಅನ್ನುತ್ತಾರಲ್ಲ, ಯಾಕೆ? ಮನಸ್ಸಿನದ್ದಿರಬೇಕು, ಒತ್ತಡದ್ದಿರಬೇಕು ಅಂತ ಬರೆದರು. 2021ರಲ್ಲಿ ಎಮ್ಮಾ ಪಿಯರ್ಸನ್ ಮತ್ತು ಸಂಗಡಿಗರು ಕಂಪ್ಯೂಟರಿಗೆ ವೈದ್ಯರ ಅಂಕವನ್ನು ಕಲಿಸಲಿಲ್ಲ. ಎಕ್ಸ್‌ರೇ ಚಿತ್ರ ಕೊಟ್ಟು, ರೋಗಿ ತಾನು ಎಷ್ಟು ನೋವು ಅಂದರೋ ಅದನ್ನೇ ಕಲಿಸಿದರು. ಹಳೇ ಅಂಕದಿಂದ ಕಪ್ಪು ಮತ್ತು ಬಿಳಿಯ ರೋಗಿಗಳ ನೋವಿನ ಅಂತರದಲ್ಲಿ 9 ಶೇಕಡಾ ಮಾತ್ರ ಅರ್ಥವಾಗುತ್ತಿತ್ತು. ಕಂಪ್ಯೂಟರ್ ನೋಡಿದಾಗ 43 ಶೇಕಡಾ ಅರ್ಥವಾಯಿತು. ಅಂದರೆ ಆ ನೋವಿನ ಒಂದು ದೊಡ್ಡ ಪಾಲು ಮಂಡಿಯಲ್ಲೇ ಇತ್ತು. ಫಿಲ್ಮಿನಲ್ಲೇ ಇತ್ತು. ನಮ್ಮ ಅಳತೆ ಕೋಲಿಗೆ ಅದು ಸಿಕ್ಕಿರಲಿಲ್ಲ, ಅಷ್ಟೇ. ಮಂಡಿ ಬದಲಿಸುವ ಆಪರೇಷನ್‌ಗೆ ಯಾರು ಅರ್ಹರು ಅಂತ ಹೇಳುವಾಗ ಇಂಥ ಅಂಕವನ್ನೂ ನೋಡುತ್ತಾರೆ. ಅಮೆರಿಕದಲ್ಲಿ ಕಪ್ಪು ಹಿರಿಯರಿಗೆ ಆ ಆಪರೇಷನ್ ಬಿಳಿಯರಿಗಿಂತ ಕಡಿಮೆ ಆಗುತ್ತಿದೆ. ಎಷ್ಟು ಅಜ್ಜಿಯರು ‘ನಿನ್ನ ಮಂಡಿ ಅಷ್ಟೇನೂ ಹಾಳಾಗಿಲ್ಲ’ ಅನ್ನುವ ಮಾತು ಕೇಳಿ ಕುಂಟುತ್ತಾ ಮನೆಗೆ ಹೋಗಿರಬೇಕು ಅಂತ ಯೋಚನೆ ಬಂದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಾಳೆ ಡ್ಯೂಟಿಗೆ ಹೋದಾಗ ಏನು ಮಾಡಬೇಕು ಅಂತ ಕೇಳುತ್ತೀರಿ. ಜನಾಂಗದ ಸರಾಸರಿ ಮಂಚದ ಮೇಲೆ ಮಲಗಿರುವ ಆ ಒಬ್ಬರ ಬಗ್ಗೆ ಏನೂ ಹೇಳುವುದಿಲ್ಲ, ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಅವರನ್ನೇ ಕೇಳಿ. ಅವರು ಹೇಳಿದ ಮಾತನ್ನು ಅವರ ಮಾತಲ್ಲೇ ದಾಖಲೆಯಲ್ಲಿ ಬರೆಯಿರಿ, ನಿಮ್ಮ ಅಂದಾಜು ಬೇಡ. ಔಷಧ ಕೊಟ್ಟ ಮೇಲೆ ಒಂದು ಗಂಟೆ ಬಿಟ್ಟು ಹೋಗಿ ಮತ್ತೆ ಕೇಳಿ, ಅದನ್ನೂ ಬರೆಯಿರಿ. ನೋವಿನ ಅಧ್ಯಯನಕ್ಕೆ ಇರುವ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವು ಅಂದರೇನು ಅನ್ನುವ ವ್ಯಾಖ್ಯೆಯನ್ನು ತಿದ್ದಿದಾಗ ಜೊತೆಗೆ ಸೇರಿಸಿದ ಟಿಪ್ಪಣಿಗಳಲ್ಲಿ ಇದೂ ಒಂದು: ತನಗೆ ನೋವಿದೆ ಅಂತ ಒಬ್ಬರು ಹೇಳಿದರೆ ಆ ಮಾತಿಗೆ ಗೌರವ ಕೊಡಬೇಕು. ನಿಮ್ಮ ಜೊತೆಯವರಿಗೆ ಅದನ್ನು ತೋರಿಸಿ.

ಪ್ರಶ್ನೆ: ನಮ್ಮ ಅಪ್ಪನಿಗೆ 76, ಸಕ್ಕರೆ ಕಾಯಿಲೆ ಇದೆ. ಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿ ಬೊಬ್ಬೆ ಬಂದರೂ ಗೊತ್ತೇ ಆಗಿರಲಿಲ್ಲ. ಆದರೆ ಸೊಂಟ ನೋವು ಅಂತ ದಿನವಿಡೀ ನರಳುತ್ತಾರೆ. ‘ಸುಟ್ಟದ್ದು ಗೊತ್ತಾಗದವರಿಗೆ ಸೊಂಟ ಹೇಗೆ ನೋಯುತ್ತೆ, ನಾಟಕ’ ಅಂತ ತಮ್ಮ ಅನ್ನುತ್ತಾನೆ. ವಯಸ್ಸಾದಂತೆ ನೋವು ಕಡಿಮೆಯಾಗುತ್ತದಾ, ಜಾಸ್ತಿಯಾಗುತ್ತದಾ? (ದಾವಣಗೆರೆ)

ಉತ್ತರ: ಎರಡೂ ಆಗುತ್ತದೆ. ನಾಟಕ ಅಲ್ಲ, ನಿಮ್ಮ ತಮ್ಮನಿಗೆ ಈ ಪುಟ ಓದಿಸಿ.

ಮೇಲೆ ಎರಡು ಹಂತ ಹೇಳಿದೆನಲ್ಲ, ‘ಶುರುವಾಯಿತು’ ಮತ್ತು ‘ಸಾಕು’. ಜರ್ಮನಿಯ ಬಾಂಬರ್ಗಿನ ಸ್ಟೆಫಾನ್ ಲೌಟೆನ್‌ಬಾಖರ್ ಮತ್ತು ಸಂಗಡಿಗರು 2017ರಲ್ಲಿ ಅದುವರೆಗಿನ ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು. ವಯಸ್ಸಾದಂತೆ ‘ಶುರುವಾಯಿತು’ ಅನ್ನುವ ಹಂತ ಮೇಲಕ್ಕೆ ಹೋಗುತ್ತದೆ, ಬಿಸಿಯ ವಿಷಯದಲ್ಲಂತೂ ಸ್ಪಷ್ಟವಾಗಿ. ಚರ್ಮದಲ್ಲಿರುವ ಸಣ್ಣ ನರದ ಎಳೆಗಳು ಕಡಿಮೆಯಾಗಿರುತ್ತವೆ, ಸುದ್ದಿ ತಡವಾಗಿ ಹೋಗುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಇದು ಇನ್ನೂ ಜಾಸ್ತಿ. ಆದರೆ ‘ಸಾಕು’ ಅನ್ನುವ ಹಂತ ಅದರ ಜೊತೆ ಮೇಲೇರುವುದಿಲ್ಲ. ತಡೆದುಕೊಳ್ಳುವ ಶಕ್ತಿ ಹೆಚ್ಚಾಗಲಿಲ್ಲ ಅಂತ ಅರ್ಥ.

ಇನ್ನೂ ಒಂದಿದೆ. ನಮ್ಮ ಮಿದುಳಿನಿಂದ ಬೆನ್ನುಹುರಿಗೆ ಒಂದು ಬ್ರೇಕ್ ಇಳಿದು ಬರುತ್ತದೆ, ನೋವಿನ ಸುದ್ದಿಯನ್ನು ಅದು ಅಲ್ಲೇ ತಗ್ಗಿಸುತ್ತದೆ. ಒಂದು ಕೈಯನ್ನು ಕೊರೆಯುವ ನೀರಲ್ಲಿ ಇಟ್ಟಾಗ ಇನ್ನೊಂದು ಕೈಯ ಬಿಸಿಯ ನೋವು ಎಷ್ಟು ಇಳಿಯುತ್ತದೆ ಅಂತ ನೋಡಿದರೆ ಆ ಬ್ರೇಕ್ ಎಷ್ಟು ಚೆನ್ನಾಗಿದೆ ಅಂತ ಗೊತ್ತಾಗುತ್ತದೆ. ಹರೆಯದವರಲ್ಲಿ ಚೆನ್ನಾಗಿ ಹಿಡಿಯುತ್ತದೆ, ವಯಸ್ಸಾದವರಲ್ಲಿ ಸಡಿಲ. ಹಾಗಾಗಿ ನಿಮ್ಮ ಅಪ್ಪನಿಗೆ ನೋವು ಶುರುವಾಗೋದು ತಡ, ಶುರುವಾದರೆ ಇಳಿಯೋದೂ ತಡ. ಕಾಲಿನ ಚರ್ಮ ಸುಟ್ಟದ್ದು ಗೊತ್ತಾಗದೇ ಇರೋದು, ಸೊಂಟದ ಒಳಗಿನ ನೋವು ಬಿಡದೇ ಇರೋದು, ಒಂದೇ ಮೈಯಲ್ಲಿ ಒಟ್ಟಿಗೇ ಆಗಬಹುದು.

ಬಿಸಿನೀರಿನ ಚೀಲ ಇವತ್ತೇ ಬಿಡಿಸಿ. ಸ್ನಾನದ ನೀರನ್ನು ಬೇರೆಯವರು ಮೊಣಕೈ ಅದ್ದಿ ನೋಡಿ ಕೊಡಲಿ. ದಿನಾ ರಾತ್ರಿ ಪಾದದ ಅಡಿ, ಬೆರಳ ಸಂದಿ ನೋಡಿ. ಇನ್ನೊಂದು ಮಾತು, ಇದನ್ನು ಮರೆಯಲೇಬೇಡಿ: ವಯಸ್ಸಾದವರಲ್ಲಿ, ಅದರಲ್ಲೂ ಸಕ್ಕರೆ ಇರುವವರಲ್ಲಿ, ಎದೆನೋವು ಇಲ್ಲದೆಯೂ ಹೃದಯಾಘಾತ ಆಗುತ್ತದೆ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದಂತಾದರೆ, ತಣ್ಣನೆ ಬೆವರಿದರೆ, ವಿಪರೀತ ಸುಸ್ತಾದರೆ ‘ಎದೆ ನೋಯ್ತಿಲ್ಲವಲ್ಲ’ ಅಂತ ಕಾಯಬೇಡಿ, ಇಸಿಜಿ ಮಾಡಿಸಿ. ಸೊಂಟಕ್ಕೆ ಅಂತ ಮೆಡಿಕಲ್ ಸ್ಟೋರಿನಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ಸುಮ್ನೆ ನುಂಗಿಸಬೇಡಿ. ಈ ವಯಸ್ಸಿಗೆ ಮೂತ್ರಪಿಂಡಕ್ಕೆ, ಹೊಟ್ಟೆಗೆ, ಬಿಪಿಗೆ ಅದು ಒಳ್ಳೆಯದಲ್ಲ. ಸೊಂಟ ತೋರಿಸಿ, ವ್ಯಾಯಾಮ ಕೇಳಿ, ಮಾತ್ರೆ ಯಾವುದು ಎಷ್ಟು ಅಂತ ವೈದ್ಯರೇ ಹೇಳಲಿ.

ಪ್ರಶ್ನೆ: ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇವೆ. ಅಮ್ಮ ಧಾರವಾಡದಿಂದ ಬಂದು ಎಂಟು ವರ್ಷ ಆಯಿತು, ಈಗ 70. ‘ಮೈಕೈ ನೋವು’ ಅಂತ ಹೇಳುತ್ತಾರೆ, ನಾನು ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರೆ ಡಾಕ್ಟರ್ ‘ಎಲ್ಲಿ ಅಂತ ತೋರಿಸಲಿ’ ಅನ್ನುತ್ತಾರೆ. ಅಮ್ಮ ‘ಎಲ್ಲಾ ಕಡೆ’ ಅನ್ನುತ್ತಾರೆ. ನಮ್ಮ ದೇಶದವರಿಗೆ ನೋವು ಜಾಸ್ತಿ ಅಂತ ಅಲ್ಲಿ ಒಬ್ಬರು ಹೇಳಿದರು. ಹೌದಾ?

ಉತ್ತರ: ನಿಮ್ಮ ಊರಲ್ಲೇ ಈ ಪರೀಕ್ಷೆ ನಡೆದಿದೆ. 2005ರಲ್ಲಿ ಲೆಸ್ಟರ್ ವಿಶ್ವವಿದ್ಯಾಲಯದವರು ಆರೋಗ್ಯವಂತ ಗಂಡಸರಿಗೆ ಬಿಸಿ ತಾಗಿಸಿ ನೋಡಿದರು. ದಕ್ಷಿಣ ಏಷ್ಯಾ ಮೂಲದವರಿಗೆ ಬಿಳಿಯ ಬ್ರಿಟಿಷರಿಗಿಂತ ಬೇಗ ನೋವು ಶುರುವಾಯಿತು, ನೋವು ಜಾಸ್ತಿ ಅಂತಲೂ ಹೇಳಿದರು. ‘ಬೆಚ್ಚಗಾಯಿತು’ ಅಂತ ಗೊತ್ತಾಗುವುದರಲ್ಲಿ ಮಾತ್ರ ಇಬ್ಬರೂ ಸಮ. ಅಂದರೆ ಚರ್ಮ ಒಂದೇ ಥರ ಕೆಲಸ ಮಾಡುತ್ತಿತ್ತು.

ಅದಕ್ಕೆ ಐದು ವರ್ಷ ಮುಂಚೆ, 2000ದಲ್ಲಿ, ಭಾರತದ ಕಾಲೇಜು ವಿದ್ಯಾರ್ಥಿಗಳನ್ನೂ ಅಮೆರಿಕದ ವಿದ್ಯಾರ್ಥಿಗಳನ್ನೂ ಹೋಲಿಸಿದ ಇನ್ನೊಂದು ಅಧ್ಯಯನ ಬಂದಿತ್ತು. ಕೊರೆಯುವ ನೀರಲ್ಲಿ ಕೈ ಇಟ್ಟುಕೊಂಡು ಯಾರು ಹೆಚ್ಚು ಹೊತ್ತು ತಡೆಯುತ್ತಾರೆ ಅಂತ. ಗೆದ್ದವರು ಭಾರತದವರು. ನೋವನ್ನು ಎಲ್ಲರೆದುರು ತೋರಿಸಿಕೊಳ್ಳೋದು ಸರಿಯಲ್ಲ ಅನ್ನುವ ಭಾವನೆಯೂ ಅವರಲ್ಲೇ ಜಾಸ್ತಿ ಇತ್ತು.

ಈಗ ಹೇಳಿ, ನಮ್ಮ ಜನ ನಾಜೂಕಾ, ಗಟ್ಟಿನಾ? ಒಂದೇ ಉಪಖಂಡದ ಜನ. ಒಂದು ಕಡೆ ಬಿಸಿ, ಒಂದು ಕಡೆ ತಂಪು. ಒಂದು ಕಡೆ ಸ್ವಂತ ಊರು, ಇನ್ನೊಂದು ಕಡೆ ಬೇರೆಯವರ ನಡುವೆ ಬದುಕು. ಜನಾಂಗದ ರಕ್ತದಲ್ಲೇ ಒಂದು ಅಳತೆ ಬರೆದಿಟ್ಟಿದ್ದರೆ ಉತ್ತರ ಹೀಗೆ ತಿರುಗುಮುರುಗು ಆಗುತ್ತಿರಲಿಲ್ಲ.

ಅಮ್ಮನ ವಿಷಯಕ್ಕೆ ಬರೋಣ. ‘ಎಲ್ಲಾ ಕಡೆ ನೋವು’ ಅನ್ನೋದು ನಿಮ್ಮ ಅಮ್ಮ ಒಬ್ಬರದೇ ಮಾತಲ್ಲ. ಮ್ಯಾಂಚೆಸ್ಟರ್ ಕಡೆ 2002ರಲ್ಲಿ ಬಂದ ಒಂದು ಸಮೀಕ್ಷೆಯಲ್ಲೂ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ ಮೂಲದವರಲ್ಲಿ ನೋವು ಒಂದು ಕೀಲಿಗಿಂತ ಹಲವು ಕಡೆ ಹರಡಿರೋದು ಜಾಸ್ತಿ ಅಂತ ಕಂಡಿತು. ಇದಕ್ಕೆ ಒಂದು ಸರಳ ಕಾರಣ ಇರಬಹುದು, ಮೊದಲು ಅದನ್ನೇ ನೋಡಿ: ವಿಟಮಿನ್ ಡಿ. ಕಂದು ಚರ್ಮ, ಮೈತುಂಬಾ ಬಟ್ಟೆ, ಮನೆಯೊಳಗಿನ ಬದುಕು, ಇಂಗ್ಲೆಂಡಿನ ಬಿಸಿಲು. ಅದು ತೀರಾ ಕಡಿಮೆಯಾದರೆ ಮೂಳೆ ಮೆತ್ತಗಾಗಿ ಮೈಯೆಲ್ಲ ನೋಯುತ್ತದೆ, ಮೆಟ್ಟಿಲು ಹತ್ತಲು ತೊಡೆಯಲ್ಲಿ ಬಲ ಇರುವುದಿಲ್ಲ. ರಕ್ತ ಪರೀಕ್ಷೆ ಬೇಕು ಅಂತ ಬಾಯಿಬಿಟ್ಟು ಕೇಳಿ. ದಕ್ಷಿಣ ಏಷ್ಯಾ ಮೂಲದವರು ವರ್ಷಪೂರ್ತಿ ದಿನಕ್ಕೆ 10 ಮೈಕ್ರೊಗ್ರಾಂ ತೆಗೆದುಕೊಳ್ಳುವ ಬಗ್ಗೆ ಯೋಚಿಸಬೇಕು ಅಂತ ಅಲ್ಲಿನ ಸರ್ಕಾರದ್ದೇ ಸಲಹೆ ಇದೆ.

ಆಮೇಲೆ ಭಾಷೆ. ಮೈಕೈ ನೋವು ಅನ್ನುವ ಮಾತು ನಮಗೆ ಪೂರ್ತಿ ಅರ್ಥವಾಗುತ್ತದೆ, ಅದನ್ನು ಪದಕ್ಕೆ ಪದ ಇಂಗ್ಲಿಷಿಗೆ ಹಾಕಿದರೆ ಅವರಿಗೆ ಏನೂ ಸಿಗುವುದಿಲ್ಲ. ಅಮ್ಮನ ಹತ್ತಿರ ಒಂದು ಸಂಜೆ ಕೂತು ಕನ್ನಡದಲ್ಲೇ ಬಿಡಿಸಿ ಕೇಳಿ. ಉರಿಯಾ? ಜೋಮಾ? ಚಳಕು ಹೊಡೆದಂತಾ? ಉರಿ, ಜೋಮು, ಚಳಕು ಅಂದರೆ ನರದ ಕಡೆ ಗಮನ ಹೋಗಬೇಕು. ಬೆಳಿಗ್ಗೆ ಎದ್ದಾಗ ಕೈಬೆರಳು ಬಿಗಿ ಹಿಡಿದು ಅರ್ಧ ಗಂಟೆಗಿಂತ ಜಾಸ್ತಿ ಸಡಿಲವಾಗದೇ ಇದ್ದರೆ ಕೀಲಿನ ಉರಿಯೂತ ಇದೆಯಾ ನೋಡಬೇಕು. ಭಾರ ಎತ್ತಿದಾಗ ಮಾತ್ರ ಹಿಡಿತ ಅಂದರೆ ಇನ್ನೊಂದು ದಾರಿ. ಧಾರವಾಡದವರು ಅಂತೀರಿ, ‘ಬ್ಯಾನಿ’ ಅಂದರೆ ಯಾವುದಕ್ಕೆ ಅನ್ನುತ್ತಾರೆ ಅಂತಲೂ ಕೇಳಿ, ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಅರ್ಥ. ಎಲ್ಲ ಬರೆದುಕೊಂಡು ಹೋಗಿ. ನೀವು ಇಲ್ಲದ ದಿನ ಮೊಮ್ಮಗನನ್ನು ಕಳಿಸಬೇಡಿ, ಅಜ್ಜಿ ಅವನೆದುರು ಅರ್ಧ ಮುಚ್ಚಿಡುತ್ತಾರೆ. ಅಲ್ಲಿ ದುಭಾಷಿಯನ್ನು ಕೇಳಿದರೆ ದುಡ್ಡಿಲ್ಲದೆ ಒದಗಿಸುತ್ತಾರೆ, ಮೊದಲೇ ಹೇಳಿಡಿ.

ಪ್ರಶ್ನೆ: ಹೊಲದಲ್ಲಿ ದುಡಿಯುವವರಿಗೆ, ಕೂಲಿ ಮಾಡುವವರಿಗೆ ನೋವು ಕಡಿಮೆ, ಅವರ ಮೈ ಪಳಗಿರುತ್ತದೆ ಅನ್ನುತ್ತಾರೆ. ಇದಾದರೂ ನಿಜಾನಾ? (ರಾಯಚೂರು)

ಉತ್ತರ: ಇಲ್ಲ. ಮೊದಲನೇ ಪತ್ರದ ಸುಳ್ಳೇ ನಮ್ಮ ಊರಿನ ಬಟ್ಟೆ ಹಾಕಿಕೊಂಡು ಬಂದಿದೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಸಣ್ಣ ಆಸ್ಪತ್ರೆಯಲ್ಲಿದ್ದೆ. ಅರವತ್ತು ದಾಟಿದ ಒಬ್ಬ ಅಮ್ಮ ಬಂದರು, ಕಳೆ ಕೀಳಲು ಹೋಗಿ ಬದುವಿನ ಮೇಲೆ ಬಿದ್ದು ಮಣಿಕಟ್ಟು ಮುರಿದಿತ್ತು. ಹಿರಿಯರೊಬ್ಬರು ‘ಇವರೆಲ್ಲ ಗಟ್ಟಿ ಕಣಯ್ಯ, ಸೂಜಿ ಬೇಡ, ಎಳೆದು ಕೂರಿಸು’ ಅಂದರು. ನಾನು ಎಳೆದೆ. ಆಕೆ ಕೂಗಲಿಲ್ಲ. ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆ ಕಡೆ ನೋಡುತ್ತಿದ್ದರು. ‘ಆತೇನಪ್ಪಾ’ ಅಂತ ಒಂದೇ ಮಾತು ಕೇಳಿದರು. ಕೂಗಲಿಲ್ಲ ಅಂದರೆ ನೋವಾಗಲಿಲ್ಲ ಅಂತ ನಾನು ಅಂದುಕೊಂಡೆ, ನಿಜವಾಗಿ ಹಾಗೇ ಅಂದುಕೊಂಡೆ. ಪಟ್ಟಿ ಕಟ್ಟಿ ಮುಗಿದ ಮೇಲೆ ಸೆರಗು ಬಾಯಿಂದ ತೆಗೆದರು, ಹಲ್ಲು ಊರಿದ ಕಡೆ ಬಟ್ಟೆ ಹರಿದಿತ್ತು. ಇಷ್ಟು ವರ್ಷ ಆದರೂ ಆ ಸೆರಗಿನ ಬಣ್ಣ ನೆನಪಿದೆ.

ಜನ ಕೂಗದೇ ಇರೋದಕ್ಕೆ ಬೇರೆ ಕಾರಣ ಇರುತ್ತದೆ. ಕೂಗಿದರೆ ಬೈಸಿಕೊಳ್ಳಬೇಕು. ನೋವು ಅಂದರೆ ನಾಳೆ ಕೂಲಿ ಇಲ್ಲ. ಚಿಕ್ಕಂದಿನಿಂದ ಹೇಳಿದಾಗ ಯಾರೂ ಕೇಳಿಲ್ಲ, ಹೇಳೋದನ್ನೇ ಬಿಟ್ಟಿದ್ದಾರೆ. ಕೈಯ ಚರ್ಮ ದುಡಿದು ದುಡಿದು ಒರಟಾಗಿರಬಹುದು, ಮುಳ್ಳು ಚುಚ್ಚಿದ್ದು ತಡವಾಗಿ ಗೊತ್ತಾಗಬಹುದು, ಅದು ಬೇರೆ. ಮೂಳೆ, ಕೀಲು, ಬೆನ್ನು ಒರಟಾಗುವುದಿಲ್ಲ, ಸವೆಯುತ್ತದೆ. ಭಾರ ಹೊರುವ, ದಿನವಿಡೀ ಕುಕ್ಕರುಗಾಲಿನಲ್ಲಿ ಕೂರುವ ಕೆಲಸ ಮಾಡಿದವರಲ್ಲಿ ಮಂಡಿ ಸವೆತ ಜಾಸ್ತಿ. ವಯಸ್ಸಾದ ಮೇಲೆ ಅವರಿಗೆ ನೋವು ಹೆಚ್ಚು ಇರಲು ಕಾರಣ ಇದೆ, ಕಡಿಮೆ ಇರಲು ಕಾರಣ ಒಂದೂ ಇಲ್ಲ.

ಪ್ರಶ್ನೆ: ಅತ್ತೆಗೆ 81, ಮರೆವಿನ ಕಾಯಿಲೆ ಜೋರಾಗಿದೆ. ಮಾತು ಹೆಚ್ಚುಕಡಿಮೆ ನಿಂತಿದೆ. ಸ್ನಾನಕ್ಕೆ ಕರೆದರೆ ಹೊಡೆಯಲು ಬರುತ್ತಾರೆ. ನೋವಿದೆಯಾ ಅಂತ ಕೇಳಿದರೆ ‘ಇಲ್ಲ’ ಅನ್ನುತ್ತಾರೆ, ಊಟ ಬೇಕಾ ಅಂದರೂ ‘ಇಲ್ಲ’ ಅನ್ನುತ್ತಾರೆ. ತಿಳಿದುಕೊಳ್ಳೋದು ಹೇಗೆ? (ಮೈಸೂರು)

ಉತ್ತರ: ನೀವು ಕೇಳಿದ್ದೇ ನನಗೆ ಸಂತೋಷ. ಎಷ್ಟೋ ಮನೆಗಳಲ್ಲಿ ‘ಹಟ’ ಅಂತ ಬಿಟ್ಟುಬಿಡುತ್ತಾರೆ.

‘ಇಲ್ಲ’ ಅನ್ನುವ ಮಾತನ್ನು ಸದ್ಯ ಪಕ್ಕಕ್ಕಿಡಿ, ಅತ್ತೆಯ ಮೈ ನೋಡಿ. ಮರೆವಿನ ಕಾಯಿಲೆ ಮುಂದುವರಿದವರಿಗೆ ಅಂತಲೇ 2003ರಲ್ಲಿ ಅಮೆರಿಕದಲ್ಲಿ ಒಂದು ಅಳತೆ ಮಾಡಿದ್ದಾರೆ, ಮನೆಯಲ್ಲೂ ಬಳಸಬಹುದು. ಐದು ವಿಷಯ ನೋಡೋದು: ಉಸಿರು ಏದುಸಿರಾಗಿದೆಯಾ, ನರಳುತ್ತಾರಾ, ಮುಖ ಕಿವುಚುತ್ತಾರಾ, ಮೈ ಬಿಗಿ ಹಿಡಿದು ಮುಷ್ಟಿ ಕಟ್ಟುತ್ತಾರಾ, ಸಮಾಧಾನ ಮಾಡಿದರೆ ಸುಮ್ಮನಾಗುತ್ತಾರಾ. ಒಂದೊಂದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ, ಒಟ್ಟು ಹತ್ತಕ್ಕೆ. ಸುಮ್ಮನೆ ಕೂತಿದ್ದಾಗ ಒಂದು ಸಲ, ಎಬ್ಬಿಸಿ ಬಟ್ಟೆ ಬದಲಿಸುವಾಗ ಒಂದು ಸಲ ಹಾಕಿ. ಅಲುಗಾಡಿಸಿದಾಗ ಮಾತ್ರ ಅಂಕ ಏರಿದರೆ ಭುಜ, ಸೊಂಟ, ಮಂಡಿ ಎಲ್ಲೋ ನೋವಿದೆ. ಸ್ನಾನಕ್ಕೆ ಹೊಡೆಯಲು ಬರುತ್ತಾರೆ ಅಂದಿರಲ್ಲ, ಸೀರೆ ಬಿಚ್ಚುವಾಗ ಯಾವ ಕೈ ಎತ್ತಿಸಿದರೆ ಹೊಡೆಯುತ್ತಾರೆ ಅಂತ ಗಮನಿಸಿ. ಬಾಯಿ ತೆರೆಸಿ ಹಲ್ಲು, ವಸಡು ನೋಡಿ. ಮಲಬದ್ಧತೆ ಇದೆಯಾ, ಮೂತ್ರಕ್ಕೆ ಹೋಗುವಾಗ ಮುಖ ಹಿಂಡುತ್ತಾರಾ ನೋಡಿ.

ನಾರ್ವೆಯಲ್ಲಿ 2011ರಲ್ಲಿ ಒಂದು ಒಳ್ಳೆಯ ಕೆಲಸ ಆಗಿದೆ. ವೃದ್ಧಾಶ್ರಮಗಳಲ್ಲಿ ಮರೆವಿನ ಕಾಯಿಲೆಯಿಂದ ಕೆರಳುತ್ತಿದ್ದ 352 ಮಂದಿಯನ್ನು ತೆಗೆದುಕೊಂಡು, ಒಂದು ಗುಂಪಿಗೆ ಎಂಟು ವಾರ ಕ್ರಮವಾಗಿ ನೋವಿನ ಚಿಕಿತ್ಸೆ ಕೊಟ್ಟರು. ಹೆಚ್ಚಿನವರಿಗೆ ಬರೀ ಪ್ಯಾರಸಿಟಮಾಲ್. ಆ ಗುಂಪಿನಲ್ಲಿ ಕೆರಳೋದು 17 ಶೇಕಡಾ ಕಡಿಮೆಯಾಯಿತು. ಹಾಗಾಗಿ ನಿದ್ದೆ ಮಾತ್ರೆ ಬೇಕು ಅಂತ ಕೇಳುವ ಮೊದಲು, ನೋವಿನ ಮಾತ್ರೆ ಕೊಟ್ಟು ನೋಡಬಹುದಾ ಅಂತ ಅತ್ತೆಯ ವೈದ್ಯರನ್ನು ಕೇಳಿ. ತೂಕ, ಲಿವರ್ ನೋಡಿ ಪ್ರಮಾಣ ಅವರೇ ಹೇಳಲಿ. ಒಪ್ಪಿದರೆ ಸ್ನಾನಕ್ಕೆ ಮುಕ್ಕಾಲು ಗಂಟೆ ಮುಂಚೆ ಕೊಡಿ, ನೋವಿರುವ ಕೈಯನ್ನು ಎತ್ತಿಸಬೇಡಿ, ಮುಂದೆ ಗುಂಡಿ ಇರುವ ನೈಟಿ ಹಾಕಿ, ನೀರು ಸುರಿಯುವ ಮೊದಲು ಕಾಲಿಗೆ ಸ್ವಲ್ಪ ತಾಗಿಸಿ ತೋರಿಸಿ. ಎರಡು ವಾರ ಅಂಕ ಬರೆದಿಡಿ. ಆ ಹಾಳೆ ತೆಗೆದುಕೊಂಡು ಮತ್ತೆ ಆಸ್ಪತ್ರೆಗೆ ಹೋಗಿ. ಏನಾಯಿತು ಅಂತ ನನಗೂ ಒಂದು ಸಾಲು ಬರೆಯಿರಿ.